ದೇವರ ಲಾಟಿನ ರೇಟು

ನಮ್ಮ ಸಂಘದ ಕಂಪ್ಯೂಟರ್ ಇವತ್ತೋ ನಾಳೆಯೋ ಕಣ್ಣು ಮುಚ್ಚುತ್ತದೆ ಎಂದು ನಾನು ಕೆಲಸಕ್ಕೆ ಸೇರಿದಾಗಿನಿಂದ ಯಾರಾದರೊಬ್ಬರು ಹೇಳುತ್ತಲೇ ಇದ್ದರು. ಹೇಳಿದವರಲ್ಲಿ ಒಬ್ಬಿಬ್ಬರು ತಾವೇ ಕಣ್ಣು ಮುಚ್ಚಿದರು, ಅದು ಮುಚ್ಚಲಿಲ್ಲ. ತಿಪಟೂರಿನ ಒಂದು ತೆಂಗು ಬೆಳೆಗಾರರ ಸಂಘದ ಹರಾಜು ಕಟ್ಟೆಗೆ ತಗುಲಿಕೊಂಡ ಸಣ್ಣ ಕೋಣೆಯಲ್ಲಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿಸಿಕೊಂಡು, ಬೇಸಿಗೆಯಲ್ಲಿ ಗೊರಗೊರ ಎನ್ನುತ್ತ ನನ್ನೆದುರು ಕೂತಿತ್ತು. ಅದರೊಳಗಿದ್ದದ್ದು ತೊಂಬತ್ತನಾಲ್ಕರಲ್ಲಿ ಯಾರೋ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟು ಹೋದ ಒಂದು ಪ್ರೋಗ್ರಾಮು. ಹರಾಜಿನಲ್ಲಿ ಒಂದೊಂದು ಲಾಟು, ಅಂದರೆ ಒಂದೊಂದು ರಾಶಿ ಕೊಬ್ಬರಿ ಕೂಗಿ ಮುಗಿದ ಕೂಡಲೇ ಬೆಳೆಗಾರರ ಹೆಸರು, ಊರು, ಚೀಲ, ತೂಕ, ರೇಟು, ಕೊಂಡವರ ಹೆಸರು ಎಲ್ಲವನ್ನೂ ನಾನು ಅದಕ್ಕೆ ತುಂಬಬೇಕು. ನಾನು ಎಂದರೆ ಗಿರಿಜಾಂಬಿಕಾ. ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿ ತಿಪಟೂರಿಗೆ ಮದುವೆಯಾಗಿ ಬಂದವಳು, ದಿನಗೂಲಿಯ ಆಪರೇಟರ್. ಹೆಸರು ಉದ್ದ, ಸಂಬಳ ಗಿಡ್ಡ.

ಹರಾಜಿನ ದಿನ ಸಂಜೆ ರೇಟುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸುವುದು ವಾಡಿಕೆ. ಅದನ್ನು ಓದಿದವರು ಬಸ್ಸು ಹತ್ತಿ ಊರಿಗೆ ಹೋಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಂದಿನಲ್ಲೇ ಕೆಲವರ ಬೇಳೆ ಬೇಯುತ್ತಿತ್ತು. ದೊಡ್ಡ ಮಂಡಿಗಳ ಕಡೆಯವರು ತಕ್ಕಡಿ ಹೊತ್ತುಕೊಂಡು ನೊಣವಿನಕೆರೆ, ಸಂಪಿಗೆ ಕಡೆ ಮನೆಮನೆಗೆ ಹೋಗಿ, ‘ರೇಟು ಬಿದ್ದೋಗೈತೆ’ ಎಂದು ಒಂದು ನಿಟ್ಟುಸಿರು ಬಿಟ್ಟು, ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕೊಬ್ಬರಿಯನ್ನು ತಮ್ಮ ಬಾಯಿಗೆ ಬಂದ ರೇಟಿಗೆ ತೂಗಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಅವರು ನಿಟ್ಟುಸಿರು ಬಿಡುವ ಹೊತ್ತಿಗೆ ಇಲ್ಲಿ ನಾನು ಹೆಚ್ಚಿನ ರೇಟನ್ನು ಹೊಡೆಯುತ್ತ ಕೂತಿರುತ್ತಿದ್ದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಸಂಬಳ ಕೊಡುತ್ತಾರೆ ಎನ್ನಿಸಿ ನನಗೆ ಮೈ ಉರಿಯುತ್ತಿತ್ತು.

ಎರಡು ಸಾವಿರದ ಎರಡನೇ ಇಸವಿಯ ಮೊದಲಲ್ಲಿ ತುಮಕೂರಿನಿಂದ ಕಾಂತೇಶ ಎಂಬ ಹುಡುಗ ಬಂದ. ಅವನ ಕಂಪನಿ ಒಂದು ಸಾಫ್ಟ್‌ವೇರ್ ಮಾಡಿತ್ತು. ಹರಾಜಿನ ರೇಟು ಇಲ್ಲಿ ಕೂಗಿದ ಕೂಡಲೇ ಟೆಲಿಫೋನ್ ತಂತಿಯಲ್ಲಿ ಹರಿದು ಹಳ್ಳಿಯ ಹಾಲಿನ ಡೈರಿಯ ಪರದೆಯ ಮೇಲೆ ಕಾಣಬೇಕು, ಅಷ್ಟೇ. ಪರೀಕ್ಷೆಗೆಂದು ನೊಣವಿನಕೆರೆ, ಕಿಬ್ಬನಹಳ್ಳಿ, ಸಂಪಿಗೆ ಮೂರೂ ಕಡೆ ಪರದೆ ಇಟ್ಟಿದ್ದರು. ಸಂಘದ ಸಮಿತಿ ‘ಖರ್ಚಿಲ್ಲದೆ ಆಗುವುದಾದರೆ ಆಗಲಿ’ ಎಂದು ಠರಾವು ಮಾಡಿತ್ತು. ಕಾಂತೇಶ ನನ್ನ ಕಂಪ್ಯೂಟರನ್ನು ನೋಡಿದವನೇ ತಲೆ ಮೇಲೆ ಕೈ ಹೊತ್ತುಕೊಂಡ.

“ಮೇಡಂ, ಇದನ್ನ ಎಸೆದು ಹೊಸದು ತಗೊಳ್ಳೋದೇ ವಾಸಿ.”

“ಹೊಸದು ಅಂದ್ರೆ ಖರ್ಚು. ಖರ್ಚು ಅಂದ್ರೆ ಸಮಿತಿ ಠರಾವು ವಾಪಸ್ ತಗೊಳ್ತದೆ. ಇದು ಇಲ್ಲೇ ಇರುತ್ತಪ್ಪ. ನಿಂದು ಬಂದು ಇದರ ಜೊತೆ ಹೊಂದ್ಕೋಬೇಕು” ಎಂದೆ. ನಾನು ಈ ಮನೆಗೆ ಬಂದಾಗ ನಮ್ಮತ್ತೆ ನನಗೆ ಹೇಳಿದ್ದೂ ಇದನ್ನೇ.

ಹೊಂದಿಸುವುದು ಸುಲಭವಿರಲಿಲ್ಲ. ನಾನು ಲಾಟು ತುಂಬುವಾಗ ಹಳೆಯ ಪ್ರೋಗ್ರಾಮು ತನ್ನ ಫೈಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿತ್ತು. ಹೊಸ ಸಾಫ್ಟ್‌ವೇರ್ ಎಷ್ಟು ಬಾಗಿಲು ತಟ್ಟಿದರೂ ತೆಗೆಯುತ್ತಿರಲಿಲ್ಲ. ಬಲವಂತ ಮಾಡಿದರೆ ಎರಡೂ ಮುಷ್ಕರ ಹೂಡಿ ನಿಂತುಬಿಡುತ್ತಿದ್ದವು. ಒಂದು ವಾರ ತಲೆ ಕೆರೆದುಕೊಂಡ ಮೇಲೆ ಕಾಂತೇಶನಿಗೆ ದಾರಿ ಹೊಳೆಯಿತು. ನಾನು ಒಂದು ಲಾಟು ಮುಗಿಸಿ ಎಂಟರ್ ಒತ್ತಿದ ಕೂಡಲೇ ಹಳೆಯ ಪ್ರೋಗ್ರಾಮು ಆ ಲಾಟಿನ ನಕಲನ್ನು ಒಂದು ಪುಟ್ಟ ಫೈಲಿನಲ್ಲಿ ಹೊರಗಿಡಬೇಕು. ಪಕ್ಕದಲ್ಲಿ ಅವನು ತಂದಿಟ್ಟ ಕಂಪ್ಯೂಟರ್ ಅದನ್ನು ಎತ್ತಿಕೊಂಡು ತಂತಿಗೆ ಕಳಿಸಬೇಕು. ಹಾಲಿನವನಿಗೆ ಬಾಗಿಲಾಚೆ ಪಾತ್ರೆ ಇಟ್ಟ ಹಾಗೆ. ಹಳೆಯದು ಬಾಗಿಲು ತೆಗೆಯಬೇಕಿಲ್ಲ, ಹೊಸದು ಒಳಗೆ ಬರಬೇಕಿಲ್ಲ. ಮೊದಲ ಸಲ ಸುಮ್ಮನೆ ಒಂದು ಲಾಟು ಹೊಡೆದು ನೋಡಿದಾಗ ನೊಣವಿನಕೆರೆ ಡೈರಿಯಿಂದ ಫೋನು ಬಂತು: “ಬಂತು ಕಣಮ್ಮೋ! ನೆಟ್ಟಗೆ ಬಂತು!” ನಾನೂ ಕಾಂತೇಶನೂ ಕುಣಿಯದೇ ಇದ್ದದ್ದು ಕೋಣೆಯಲ್ಲಿ ಜಾಗ ಇಲ್ಲದ್ದರಿಂದ.

ಊರಿನ ದೊಡ್ಡ ಖರೀದಿದಾರರು ಬೆಟ್ಟಸ್ವಾಮಿ. ಅವರು ಕೂಗಿದ ಮೇಲೆ ಉಳಿದ ವರ್ತಕರು ಕೆಮ್ಮುವುದಕ್ಕೂ ಯೋಚಿಸುತ್ತಿದ್ದರು. ಅಲ್ಲಿಯವರೆಗೆ “ಮುದಿ ಎತ್ತಿಗೆ ಟ್ರಾಕ್ಟರ್ ಕಟ್ಟಿದ್ರೆ ಉಳೋಕಾದೀತೇನ್ರೀ” ಎಂದು ನಗುತ್ತಿದ್ದವರು, ಅದು ಉಳುತ್ತದೆ ಎಂದು ಗೊತ್ತಾದ ದಿನ ನಗು ನಿಲ್ಲಿಸಿದರು. ಮಾರನೆಯ ದಿನವೇ ಸಂಘದ ಕಾರ್ಯದರ್ಶಿ ಶ್ರೀರಂಗಯ್ಯ ನನ್ನ ಕೋಣೆಗೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು.

“ನೋಡು ಗಿರಿಜಾ, ಒಂದೊಂದು ಲಾಟಿಗೂ ಕಳಿಸೋದ್ಯಾಕೆ? ಹರಾಜು ಮುಗಿದ್ಮೇಲೆ ಸಂಜೆ ಒಟ್ಟಿಗೆ ಕಳ್ಸಿದ್ರಾಯ್ತಲ್ಲ.”

“ಸಂಜೆ ಕಳ್ಸೋಕೆ ತಂತಿ ಯಾಕೆ ಸಾರ್? ಬಸ್ ಕಂಡಕ್ಟರ್ ಕೈಲಿ ಕೊಟ್ರೂ ಹೋಗುತ್ತೆ.”

ಅವರು ಕನ್ನಡಕ ಒರೆಸಿಕೊಂಡು ಹೋದರು.

ಇಷ್ಟಾದ ಮೇಲೆ ಶುರು ಮಾಡಲು ಒಳ್ಳೆಯ ದಿನ ನೋಡಬೇಕಲ್ಲ. ಸಮಿತಿಯವರು, ವರ್ತಕರು, ನಾನು ಎಲ್ಲರೂ ಒಪ್ಪಿದ ದಿನ ಒಂದೇ: ಯುಗಾದಿ ಕಳೆದ ಮೇಲಿನ ಮೊದಲ ಹರಾಜು. ಅದಕ್ಕಿಂತ ಶುಭದಿನ ನಮ್ಮ ಕಟ್ಟೆಗೆ ಇನ್ನೊಂದಿಲ್ಲ. ಕೆಟ್ಟದ್ದೂ ಅದರಿಂದಲೇ.

ಆ ದಿನ ನಮ್ಮಲ್ಲಿ ಮೊದಲು ಕೂಗುವುದು ದೇವರ ಲಾಟು. ಒಬ್ಬೊಬ್ಬ ಬೆಳೆಗಾರರೂ ಊರ ಅಮ್ಮನ ಹೆಸರಿನಲ್ಲಿ ಒಂದಿಷ್ಟು ಕೊಬ್ಬರಿ ತಂದು ಸುರಿಯುತ್ತಾರೆ. ಅದಕ್ಕೆ ಅರಿಶಿನ ಕುಂಕುಮ ಹಾಕಿ, ತಮಟೆ ಬಡಿದು, ಹರಾಜು ಕೂಗುತ್ತಾರೆ. ಅಲ್ಲಿ ಲೆಕ್ಕ ಕೊಬ್ಬರಿಯದಲ್ಲ, ಮೀಸೆಯದು. ಯಾರು ಹೆಚ್ಚಿಗೆ ಕೂಗುತ್ತಾರೋ ಅವರಿಗೆ ಆ ವರ್ಷದ ಮರ್ಯಾದೆ, ದುಡ್ಡು ಗುಡಿಗೆ. ಆ ವರ್ಷ ಬೆಟ್ಟಸ್ವಾಮಿಯೇ ಕ್ವಿಂಟಾಲಿಗೆ ಹದಿನಾಲ್ಕು ಸಾವಿರ ಕೂಗಿ ಹಾರ ಹಾಕಿಸಿಕೊಂಡರು. ನಾನು ವರ್ಷ ವರ್ಷವೂ ಮಾಡುವ ಹಾಗೆ ಅದನ್ನು ಒಂದನೇ ನಂಬರಿನ ಲಾಟು ಎಂದು ತುಂಬಿ ಎಂಟರ್ ಒತ್ತಿದೆ. ನನಗಾಗಲಿ, ಸಮಿತಿಗಾಗಲಿ, ಹಾರ ಹಾಕಿಸಿಕೊಂಡವರಿಗಾಗಲಿ ಅದೊಂದು ರೇಟು ಎಂಬುದೇ ಹೊಳೆದಿರಲಿಲ್ಲ. ಅದು ದೇವರ ಲಾಟು, ಅಷ್ಟೇ. ಎರಡನೇ ಲಾಟಿನಿಂದ ಮಾಮೂಲು ವ್ಯಾಪಾರ ನಡೆಯಿತು: ನಾಲ್ಕು ಸಾವಿರದ ಮುನ್ನೂರು, ನಾಲ್ಕು ಸಾವಿರದ ಇನ್ನೂರೈವತ್ತು, ಹೀಗೆ.

ಪರದೆಗೆ ತಮಟೆಯ ಸದ್ದು ಹೋಗುವುದಿಲ್ಲ. ಅರಿಶಿನ ಕುಂಕುಮವೂ ಹೋಗುವುದಿಲ್ಲ. ಮೂರು ಊರಿನ ಡೈರಿಗಳ ಮುಂದೆ ಹೊಸ ಪರದೆ ನೋಡಲು ನೆರೆದವರಿಗೆ ಕಂಡದ್ದು ಇಷ್ಟೇ: ತಿಪಟೂರಿನಲ್ಲಿ ಕೊಬ್ಬರಿ ಹದಿನಾಲ್ಕು ಸಾವಿರ. ಎರಡನೇ ಲಾಟು ನೋಡುವುದಕ್ಕೆ ಅಲ್ಲಿ ಯಾರು ನಿಂತಾರು?

ಮಧ್ಯಾಹ್ನದ ಊಟಕ್ಕೆ ಎದ್ದವಳು ಕಿಟಕಿಯಲ್ಲಿ ನೋಡುತ್ತೇನೆ, ಗೇಟಿನಿಂದ ರಸ್ತೆಯ ತಿರುವಿನವರೆಗೆ ಟೆಂಪೋ, ಟ್ರಾಕ್ಟರ್, ಎತ್ತಿನ ಗಾಡಿ. ಲೂನಾ ಮೇಲೆ ಚೀಲ ಅಡ್ಡ ಹಾಕಿಕೊಂಡು ಬಂದವರು, ಬಸ್ಸಿನ ಟಾಪಿನಿಂದ ಚೀಲ ಇಳಿಸುತ್ತಿರುವವರು. ಒಬ್ಬ ಪುಣ್ಯಾತ್ಮ ಸುಲಿಯುವುದಕ್ಕೂ ಪುರುಸೊತ್ತಿಲ್ಲದೆ ಸಿಪ್ಪೆ ಸಮೇತ ಕಾಯಿಯನ್ನೇ ತುಂಬಿಕೊಂಡು ಬಂದಿದ್ದ. ಅಟ್ಟದ ಮೇಲೆ ಇನ್ನೂ ಎರಡು ತಿಂಗಳು ಒಣಗಬೇಕಾದದ್ದನ್ನು ಒಡೆದು ತಂದವರೂ ಇದ್ದರು. ಕಾಂತೇಶ ಬೆವರುತ್ತ ಕೇಳಿದ, “ಆ ಒಂದನೇ ಲಾಟಿಗೆ ಬೇರೆ ಕೋಡ್ ಏನೂ ಇಲ್ವಾ ಮೇಡಂ?”

“ದೇವರಿಗೆ ಎಂಥಾ ಕೋಡಪ್ಪ?” ಎಂದೆ. ಆಗ ನನಗೂ ಅರ್ಥವಾಯಿತು.

ಹೊರಗೆ ಸುದ್ದಿ ಹರಡಿ ಗದ್ದಲವೆದ್ದಿತು. ಎಲ್ಲರಿಗಿಂತ ಮುಂದೆ ನಿಂತವಳು ನೊಣವಿನಕೆರೆಯ ಹಾಲಮ್ಮ. ತೋಟ, ದನ, ಮನೆ ಎಲ್ಲವನ್ನೂ ಒಬ್ಬಳೇ ನಡೆಸುವ ಹೆಂಗಸು. ಟೆಂಪೋ ತುಂಬ ಚೀಲ ಹೇರಿಸಿಕೊಂಡು, ಡ್ರೈವರನ ಪಕ್ಕ ಕೂತು ಬಂದಿದ್ದಳು.

“ಯಾವಳೇ ಅವಳು ಕಂಪ್ಯೂಟರ್ ಒತ್ತೋಳು? ಈಚೆಗೆ ಬಾರೇ!”

ಒಳಗೆ ಕೂತರೆ ಬಾಗಿಲು ಮುರಿಯುತ್ತಾರೆ. ಹೊರಗೆ ಹೋಗಿ ಕಟ್ಟೆ ಹತ್ತಿ ನಿಂತೆ. 

“ನಾನೇ ಕಣಮ್ಮ.”

“ಹದ್ನಾಕು ಸಾವ್ರ ಅಂತ ತೋರಿಸ್ದೋಳು ನೀನೇಯಾ?”

“ನಾನೇ. ಅದು ಯುಗಾದಿ ಹರಾಜಿನ ದೇವರ ಲಾಟು.”

 ಹಿಂದಿನಿಂದ ಯಾರೋ “ಅಯ್ಯೋ ಶಿವನೇ” ಎಂದು ತಲೆ ಚಚ್ಚಿಕೊಂಡರು. ಕೆಲವರು ನಕ್ಕೇಬಿಟ್ಟರು. ಹಾಲಮ್ಮ ನಗಲಿಲ್ಲ.

“ದೇವ್ರಿಗೆ ಹದ್ನಾಕು ಸಾವ್ರ ಕೊಡೋ ಧಣಿಗಳು ನಮಗ್ಯಾಕೆ ಕೊಡಾಕಿಲ್ಲ? ದೇವ್ರೇನು ಕಾಯಿ ಕಿತ್ತನಾ? ಅಟ್ಟಕ್ಕೆ ಹೊತ್ತನಾ?”

 ಅಷ್ಟರಲ್ಲಿ ಬೆಟ್ಟಸ್ವಾಮಿ ಮುಂದೆ ಬಂದರು. ಕೊರಳಲ್ಲಿ ಹಾರ ಇನ್ನೂ ಇತ್ತು.

“ನೋಡಿದ್ರೇನ್ರಪ್ಪಾ ಈ ತಂತಿ ಮಾಡಿದ ಅನಾಹುತಾವ? ಬಡವರಿಗೆ ಸುಳ್ಳು ಹೇಳಿ ಬಿಸಿಲಲ್ಲಿ ಕರ್ಕೊಂಡ್ ಬಂತು. ಅದಕ್ಕೇ ನಾನು ಬ್ಯಾಡ ಬ್ಯಾಡ ಅಂದಿದ್ದು. ಮೊದ್ಲು ಅದನ್ನ ಕಿತ್ತಾಕಿ, ಆಮ್ಯಾಕೆ ಮಾತು.”

ಜನ ಹೌದೌದು ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಅಡಿಯಿಂದ ಮುಡಿಯವರೆಗೆ ಏರಿತು.

“ತಂತಿ ಸುಳ್ಳು ಹೇಳಿಲ್ಲ ಬೆಟ್ಟಸ್ವಾಮಿಯೋರೇ. ಹದಿನಾಲ್ಕು ಸಾವಿರ ಕೂಗಿದ್ದು ನೀವೇ, ಹಾರ ನಿಮ್ಮ ಕೊಳ್ಳಲ್ಲೇ ಐತೆ. ದೇವರ ಲಾಟು ಅಂತ ಗುರುತು ಹಾಕ್ಬೇಕಿತ್ತು, ಮುಂದಿನ ವರ್ಷದಿಂದ ಹಾಕ್ತೀನಿ. ಅದು ಬುಡಿ. ಎರಡನೇ ಲಾಟಿಂದ ಕೇಳ್ರಪ್ಪ. ನಾಲ್ಕು ಸಾವಿರದ ಮುನ್ನೂರು. ಆಮೇಲಿಂದು ನಾಲ್ಕು ಸಾವಿರದ ಇನ್ನೂರೈವತ್ತು. ಅದೂ ಪರದೆ ಮೇಲೆ ಬಂದೈತೆ. ನೋಡಕ್ಕೆ ನೀವೇ ನಿಂತಿಲ್ಲ.”

ಹಾಲಮ್ಮ ಕತ್ತು ಮುಂದೆ ಮಾಡಿದಳು. “ನಾಕು ಸಾವ್ರದ ಮುನ್ನೂರಾ? ಇವತ್ತಿಂದಾ?”

“ಇವತ್ತಿಂದೇ.”

“ಬೆಳಿಗ್ಗೆ ನಮ್ಮನೇಗೆ ತಕ್ಕಡಿ ತಂದಿದ್ದೋನು ಮೂರು ಸಾವ್ರದ ಆರ್ನೂರು ಅಂದ. ‘ಅದೂ ನಿನ್ನ ಮುಖ ನೋಡಿ ಕೊಡ್ತಾ ಇವ್ನಿ’ ಅಂದ. ಒಂದು ಚೀಲ ತೂಗಿಸಿದ್ದೆ. ಪರದೆ ಸುದ್ದಿ ಕೇಳಿ ಅವನ ತಕ್ಕಡೀನ ಬೀದಿಗೆ ಎಸೆದು ಬಂದೆ.” ಅವಳು ಒಂದೊಂದೇ ಮಾತನ್ನು ಅಗಿದು ಹೇಳುತ್ತಿದ್ದಳು. “ಹಂಗಾರೆ ದೇವ್ರ ರೇಟು ಬುಡು. ನರಮನುಷ್ರ ರೇಟೇ ಇಷ್ಟೈತೆ!”

ಸಂಪಿಗೆಯವನೊಬ್ಬ ತಮ್ಮೂರಿನಲ್ಲೂ ಅದೇ ಮಾತು ಹೇಳಿದರು ಎಂದ. ಕಿಬ್ಬನಹಳ್ಳಿಯವನು ತಮ್ಮಲ್ಲಿ ಇನ್ನೂ ನೂರು ಕಮ್ಮಿ ಎಂದ. ಯಾರ ಕಡೆಯವರು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. “ನನ್ನನ್ಯಾಕ್ರೀ ನೋಡ್ತೀರಾ? ಊರಲ್ಲಿ ಮಂಡಿ ನಂದೊಂದೇನಾ?” ಎಂದು ಬೆಟ್ಟಸ್ವಾಮಿಯೇ ಕೂಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಈ ಸಲ ಜನ ನಕ್ಕದ್ದು ಬೇರೆ ಥರ ಇತ್ತು. ಅವರು ಹಾರ ಕಿತ್ತು ಪಕ್ಕದವನ ಕೈಗೆ ಕೊಟ್ಟರು.

“ಆಯ್ತು. ತಂತಿ ಕೀಳೋ ತನಕ ಇವತ್ತು ಯಾವ ಮಂಡಿಯೋರೂ ಕೂಗಾಕಿಲ್ಲ. ತಂದಿರೋ ಕೊಬ್ಬರೀನ ಹೆಂಗೆ ತಂದ್ರೋ ಹಂಗೇ ಹೊತ್ಕೊಂಡು ಹೋಗ್ಲಿ” ಎಂದು ಹೇಳಿ ಎದುರಿನ ಜಗಲಿಯ ಮೇಲೆ ಕೂತರು. ಉಳಿದ ವರ್ತಕರೂ ಒಬ್ಬೊಬ್ಬರಾಗಿ ಹೋಗಿ ಕೂತರು. ಕಟ್ಟೆಯ ತುಂಬ ಕೊಬ್ಬರಿ, ಕೊಳ್ಳುವವರು ಒಬ್ಬರೂ ಇಲ್ಲ.

ನಾನು ಕೋಣೆಗೆ ಬಂದಾಗ ಶ್ರೀರಂಗಯ್ಯ ನನ್ನ ಮೇಜಿನ ಮೇಲೆ ಒಂದು ಹಾಳೆ ಹರಡಿಕೊಂಡು ಕೂತಿದ್ದರು. ನನ್ನನ್ನು ಖಾಯಂ ಮಾಡುವ ಆರ್ಡರು. ಅಧ್ಯಕ್ಷರ ಸಹಿ ಬಿದ್ದಿತ್ತು, ಸೀಲು ಒಂದು ಬಾಕಿ.

“ನೋಡಮ್ಮ, ಹೊರಗಿರೋ ರೈತರ ಮುಖ ನೋಡು. ವಾಪಸ್ ಹೋಗೋಕೆ ಬಾಡಿಗೆ ಯಾರು ಕೊಡ್ತಾರೆ? ಹಳೇ ಕಂಪ್ಯೂಟರಿಗೂ ಹೊಸ ಸಾಫ್ಟ್‌ವೇರಿಗೂ ಹೊಂದ್ತಾ ಇಲ್ಲ ಅಂತ ಎರಡು ಸಾಲು ಬರ್ಕೊಡು. ತಂತಿ ನಾನೇ ತೆಗೀತೀನಿ, ನಿನ್ನ ಕೈಗೆ ಪಾಪ ಬ್ಯಾಡ. ಈಗ್ಲೇ ಇದಕ್ಕೆ ಸೀಲು ಹೊಡೀತೀನಿ.”

ಆಸೆಯಾಗಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಐದು ವರ್ಷ ನಾನು ಆ ಹಾಳೆಗೆ ಕಾದಿದ್ದೆ. ದಿನಗೂಲಿಯವಳಿಗೆ ಹಬ್ಬ ಬಂದರೆ ಖುಷಿಯಿಲ್ಲ, ಅವತ್ತಿನ ಕೂಲಿ ಇಲ್ಲವಲ್ಲ. ಮಗಳು ಹುಟ್ಟಿದಾಗ ಬಾಣಂತನ ಪೂರ್ತಿ ಮುಗಿಯುವ ಮೊದಲೇ, ಕಿವಿಗೆ ಹತ್ತಿ ಇಟ್ಟುಕೊಂಡು ಬಂದು ಈ ಕುರ್ಚಿಯಲ್ಲಿ ಕೂತಿದ್ದೆ. ಇಲ್ಲದಿದ್ದರೆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಿದ್ದರು. ಎರಡು ಸಾಲು ಬರೆದರೆ ಅದೆಲ್ಲ ಮುಗಿಯುತ್ತಿತ್ತು. ಬರೆಯದಿದ್ದರೆ ನಾಳೆಯೂ ದಿನಗೂಲಿ, ಅದೂ ಅವರು ಬಾ ಎಂದರೆ. ಶ್ರೀರಂಗಯ್ಯ ಪೆನ್ನಿನ ಕ್ಯಾಪು ತೆಗೆದು ಪೆನ್ನನ್ನು ನನ್ನ ಕಡೆ ಚಾಚಿದರು.

ಮೂಲೆಯಲ್ಲಿ ಕಾಂತೇಶ ನೆಲದ ಮೇಲೆ ಕೂತಿದ್ದ. ಟೆಲಿಫೋನ್ ತಂತಿಯ ಪಿನ್ನು ಗೋಡೆಯಲ್ಲಿ ಸಡಿಲವಾಗಿತ್ತು. ಅದು ಕಳಚದಂತೆ ಬೆಳಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿದ್ದ.  ಈಗಲೂ ಬೆರಳು ತೆಗೆಯಲಿಲ್ಲ.

“ಹೊಂದಿದೆಯಲ್ಲ ಸಾರ್” ಎಂದೆ. “ಹೊಂದಿಲ್ಲ ಅಂತ ಹೆಂಗೆ ಬರೀಲಿ? ಹೊಂದಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು?”

“ಹಠ ಮಾಡ್ಬೇಡ ಗಿರಿಜಾ.”

“ಹಠ ಮಾಡ್ತಾ ಇರೋರು ಜಗಲಿ ಮೇಲೆ ಕೂತವ್ರೆ. ಅವರ ಹತ್ರ ಹೋಗಿ ಬರೆಸ್ಕೊಳ್ಳಿ.”

ಕಟ್ಟೆಯಲ್ಲಿ ಹರಾಜು ಕೂಗುವ ತಿಮ್ಮಯ್ಯನನ್ನು ಕಿಟಕಿಯಿಂದಲೇ ಕರೆದೆ. “ತಿಮ್ಮಯ್ಯಣ್ಣ, ಸುಮ್ನೆ ಯಾಕೆ ನಿಂತಿದ್ದೀಯಾ? ಲಾಟು ಕೂಗು.”

“ಕೊಳ್ಳೋರೇ ಇಲ್ವಲ್ಲವ್ವ!”

“ಇಲ್ದಿದ್ರೆ ಇಲ್ಲ. ನಿನ್ನ ಕೆಲ್ಸ ಕೂಗೋದು, ಕೂಗು.”

ಅವನು ಚೀಲಗಳ ಮೊದಲ ರಾಶಿಯ ಮುಂದೆ ನಿಂತು ಮೂರು ಸಲ ಕೂಗಿದ. ಜಗಲಿಯಿಂದ ಸದ್ದಿಲ್ಲ. ಮಾರಾಟವಾಗದ ಲಾಟಿಗೆ ರೇಟಿನ ಜಾಗದಲ್ಲಿ ಸೊನ್ನೆ ತುಂಬುವುದು ನಮ್ಮ ಪದ್ಧತಿ. ಅದನ್ನು ಸಂಜೆ, ಎಲ್ಲ ಮುಗಿದ ಮೇಲೆ ತುಂಬುತ್ತಿದ್ದೆ. ಸಂಜೆಯೇ ತುಂಬಬೇಕು ಎಂದು ಯಾವ ನಿಯಮವೂ ಇರಲಿಲ್ಲ. ಊರು, ಚೀಲ, ತೂಕ ತುಂಬಿ, ರೇಟಿಗೆ ಸೊನ್ನೆ ಹೊಡೆದು ಎಂಟರ್ ಒತ್ತಿದೆ. ತಂತಿಗೆ ಸಿಕ್ಕಿಸಿದ್ದ ಕಾಂತೇಶನ ಡಬ್ಬಿ ಕೀಚ್ ಎಂದಿತು. ತಿಮ್ಮಯ್ಯ ಮುಂದಿನ ರಾಶಿಗೆ ಹೋದ. ಮತ್ತೆ ಸೊನ್ನೆ. ಮತ್ತೊಂದು, ಮತ್ತೆ ಸೊನ್ನೆ. ಶ್ರೀರಂಗಯ್ಯ “ಏನಮ್ಮಾ ಇದು, ಏನು ಮಾಡ್ತಿದೀಯಾ?” ಎನ್ನುತ್ತಲೇ ಇದ್ದರು. “ಇದ್ದದ್ದು ಇದ್ದ ಹಾಗೆ ಕಳಿಸ್ತಾ ಇದೀನಿ ಸಾರ್” ಎಂದೆ. ಚೀಲಗಳ ಲೆಕ್ಕ, ಅದರ ಮುಂದೆ ಸೊನ್ನೆ. ತಿಪಟೂರಿನ ಕಟ್ಟೆಯಲ್ಲಿ ಮಾಲು ಬಿದ್ದಿದೆ, ಕೊಳ್ಳುವವರಿಲ್ಲ ಎಂದು ಮೂರು ಊರಿಗೂ ಗೊತ್ತಾಗುತ್ತಿತ್ತು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿ ನಿಲ್ಲಿಸಿಕೊಂಡು ಉತ್ತರದ ಕಡೆಗೆ ಕಾಯಿ, ಕೊಬ್ಬರಿ ಕಳಿಸುವ ಗಂಗಯ್ಯ ಎಂಬ ವರ್ತಕರಿದ್ದರು. ನಮ್ಮ ಕಟ್ಟೆಯಲ್ಲಿ ಕೂಗುವ ಲೈಸೆನ್ಸು ಅವರಿಗೂ ಇತ್ತು. ದೊಡ್ಡವರು ಕೂಗುವ ಕಡೆ ನಮಗೇನು ಕೆಲಸ ಎಂದು ಎಷ್ಟೋ ವರ್ಷದಿಂದ ಈ ಕಡೆ ತಲೆ ಹಾಕಿರಲಿಲ್ಲ. ಡೈರಿ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತ ಪರದೆ ನೋಡುತ್ತಿದ್ದವರಿಗೆ ಸಾಲಾಗಿ ಸೊನ್ನೆ ಬರುವುದು ಕಂಡು, ಲೋಟ ಅಲ್ಲೇ ಇಟ್ಟು ಲಾರಿ ಹತ್ತಿದರಂತೆ. ಬಿಸಿಲು ಇಳಿಯುವ ಹೊತ್ತಿಗೆ ಖಾಲಿ ಲಾರಿ ಗೇಟಿನೊಳಗೆ ಬಂತು. ಗಂಗಯ್ಯ ಜಗಲಿಯ ಕಡೆ ಕೈಮುಗಿದರು, ಹಾಲಮ್ಮನ ಪಕ್ಕದ ರಾಶಿಯಿಂದ ಒಂದು ಉಂಡೆ ಎತ್ತಿಕೊಂಡು ಉಗುರಿನಲ್ಲಿ ಕೆರೆದು ನೋಡಿದರು.

“ನಾಕು ಸಾವ್ರ” ಎಂದು ಕೂಗಿದರು.

ಸೊನ್ನೆಗಳ ಕೆಳಗೆ ನಾಲ್ಕು ಸಾವಿರ ಬರೆದು ಎಂಟರ್ ಒತ್ತಿದಾಗ ನನ್ನ ಕಣ್ಣು ಮಂಜಾಯಿತು. ಅಳು ಎಂದು ಯಾರೂ ಅಂದುಕೊಳ್ಳಬೇಕಿಲ್ಲ, ಬೆಳಗಿನಿಂದ ನಾನು ಊಟ ಮಾಡಿರಲಿಲ್ಲ. ಗಂಗಯ್ಯ ಎರಡನೇ ರಾಶಿಗೆ ಬಂದರು. ಜಗಲಿಯ ಮೇಲೆ ಗುಸುಗುಸು ಶುರುವಾಯಿತು. ಮೂರನೇ ರಾಶಿಗೆ ಒಬ್ಬ ಸಣ್ಣ ವರ್ತಕ ಎದ್ದು ಬಂದು ಐವತ್ತು ಹೆಚ್ಚಿಗೆ ಕೂಗಿದ. ಅವನ ಹಿಂದೆ ಇನ್ನೊಬ್ಬ. ಚೆನ್ನಾಗಿ ಒಣಗಿದ ಕೊಬ್ಬರಿ ಲಾರಿಗೆ ಏರುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಯಾವ ಮಂಡಿಯವನಿಗೂ ಸಾಧ್ಯವಿಲ್ಲ. ಕೊನೆಗೆ ಬೆಟ್ಟಸ್ವಾಮಿಯೂ ಎದ್ದರು. ಪಂಚೆ ಕೊಡವಿಕೊಂಡು ಬಂದು, ಯಾರ ಮುಖವನ್ನೂ ನೋಡದೆ, “ನಾಕು ಸಾವ್ರದ ಮುನ್ನೂರು” ಎಂದರು.

ನಾನು ಅದನ್ನೂ ತುಂಬಿದೆ. ಹಸಿ ಕೊಬ್ಬರಿ ತಂದವರದು ಹೋಗಲಿಲ್ಲ, ಸಿಪ್ಪೆಕಾಯಿ ತಂದವನು ಬೈದುಕೊಂಡು ಟ್ರಾಕ್ಟರ್ ತಿರುಗಿಸಿದ. ಅವರಿಗೆಲ್ಲ ನನ್ನ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ.

ಹಾಲಮ್ಮನ ರಾಶಿಯ ಮುಂದೆ ತಿಮ್ಮಯ್ಯ ನಿಂತಾಗ ಶ್ರೀರಂಗಯ್ಯ ನನ್ನ ಮೇಜಿನಿಂದ ಆ ಹಾಳೆಯನ್ನು ಎತ್ತಿಕೊಂಡರು. ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಕಿಟಕಿಗೆ ಬೆನ್ನು ಕೊಟ್ಟು ನನ್ನೆದುರು ನಿಂತರು.

“ಈ ಜನ್ಮದಲ್ಲಿ ನೀನು ಖಾಯಂ ಆಗಲ್ಲ ಗಿರಿಜಾ. ಬರೆದಿಟ್ಕೋ.”

ಅವರ ಬೆನ್ನ ಹಿಂದೆ ಗಂಗಯ್ಯನೂ ಬೆಟ್ಟಸ್ವಾಮಿಯೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು.

“ಬರೆಯೋಕೆ ಈಗ ಪುರುಸೊತ್ತಿಲ್ಲ ಸಾರ್” ಎಂದೆ. “ಒಂಚೂರು ಪಕ್ಕಕ್ಕೆ ನಿಂತ್ಕೊಳ್ಳಿ. ಅಡ್ಡ ನಿಂತಿದ್ದೀರ, ರೇಟು ಕೇಳಿಸ್ತಾ ಇಲ್ಲ.”

ಅವರು ಪಕ್ಕಕ್ಕೆ ಸರಿದರು.